ಗಡಿಯ ಹೆಂಟೆ ಹೊತ್ತ ಮಂತ್ರಿ

"ಈ ಗಡಿಸಭೆ ಕೂಡುವಷ್ಟರಲ್ಲಿ ನನ್ನ ಮೊಮ್ಮಗನಿಗೆ ಮೀಸೆ ಮೂಡಿರುತ್ತದೆ" ಎಂದು ಮರುವಳಿಯ ಮಂತ್ರಿ ದೇಕರಸನು ತುಂಬಿದ ಓಲಗದಲ್ಲಿ ನುಡಿದನು. ಮೊಮ್ಮಗನಿನ್ನೂ ತೊಟ್ಟಿಲಲ್ಲಿದ್ದನು.

ಆ ಮಾತು ನೆರೆಯ ಕೋಡಿನಾಡಿನ ದೊರೆ ಕೇತರಸನ ಕಿವಿಗೆ ಬಿತ್ತು. ಗಡಿಯ ಹೊಳೆಯು ಪಾತ್ರ ಬದಲಿಸಿದಂದಿನಿಂದ ಹಳೆಯ ಹೊಸ ಪಾತ್ರಗಳ ನಡುವಿನ ಬಯಲು ಯಾರದೆಂಬ ವ್ಯಾಜ್ಯವಿತ್ತು. ತೀರ್ಪಾಗುವವರೆಗೆ ಅಲ್ಲಿ ನೇಗಿಲು ಇಳಿಸಕೂಡದೆಂದು ಉಭಯರೂ ಒಪ್ಪಿದ್ದರು. ದನ ಇಳಿಸಕೂಡದೆಂದು ಯಾರಿಗೂ ಹೊಳೆದಿರಲಿಲ್ಲ. ಮರುವಳಿಯ ದನಗಳು ಮೇದು ಕೊಬ್ಬಿದವು. ಕೋಡಿನಾಡಿನ ಒಕ್ಕಲು ಕೈಕಟ್ಟಿ ಕುಳಿತರು. ಮೂರನೆಯ ರಾಜ್ಯದಿಂದ ಬಂದ ಮಧ್ಯಸ್ಥರು ಛತ್ರದಲ್ಲಿ ಉಂಡು ಮಲಗುತ್ತಿದ್ದರು. ದೇಕರಸನು ಒಮ್ಮೆ ಚಪ್ಪರದ ಬಾಗಿಲು ಯಾವ ದಿಕ್ಕಿಗೆಂದು, ಇನ್ನೊಮ್ಮೆ ಪೀಠದ ಎತ್ತರವೆಷ್ಟೆಂದು ತಕರಾರು ತೆಗೆದು ಸಭೆಯನ್ನು ಮುಂದೂಡುತ್ತಲೇ ಇದ್ದನು.

"ನಾಕಿಮಯ್ಯ, ಮುಂಗಾರಿಗೆ ಮೊದಲು ಸಭೆ ಕೂಡಬೇಕು. ಈ ಸಲವೂ ಬಿತ್ತದಿದ್ದರೆ ಒಕ್ಕಲು ಊರು ಬಿಡುತ್ತಾರೆ" ಎಂದನು ದೊರೆ, ತನ್ನ ಆಸ್ಥಾನದ ಜಾಣನಿಗೆ.

"ಅಪ್ಪಣೆ, ಪ್ರಭು. ಅವರು ಕೇಳಿದ್ದಕ್ಕೆಲ್ಲ ಹೂಂ ಎಂದುಬಿಡುತ್ತೇನೆ."

ಬಯಲಿನಲ್ಲಿ ಮಧ್ಯಸ್ಥರ ಸಮ್ಮುಖದಲ್ಲಿ ನಾಕಿಮಯ್ಯನೂ ದೇಕರಸನೂ ಎದುರಾದರು.

"ಇಂದಿನ ತಕರಾರೇನು, ಮಂತ್ರಿಗಳೇ?"

"ಗಡಿಕಾರ್ಯದಲ್ಲಿ ಮೊದಲ ಗೌರವ ನಮಗೇ ಸಲ್ಲಬೇಕು. ಇಲ್ಲವಾದರೆ ನಾವು ಕೂರುವುದಿಲ್ಲ" ಎಂದನು ದೇಕರಸ. ಈ ಜಗಳ ಒಂದು ವರ್ಷಕ್ಕಾದರೂ ಬಂದೀತೆಂಬುದು ಅವನ ಲೆಕ್ಕ.

"ಒಪ್ಪಿದೆ. ಮಧ್ಯಸ್ಥರೇ, ಕೇಳಿದಿರಷ್ಟೆ?"

ನಾಕಿಮಯ್ಯನು ಕೆಂಪು ಹೂಮಾಲೆಯನ್ನು ದೇಕರಸನ ಕೊರಳಿಗೆ ತೊಡಿಸಿದನು. ಮಂತ್ರಿಯು ಬೀಗಿದನು. ಅಷ್ಟರಲ್ಲಿ ಇಬ್ಬರು ಆಳುಗಳು ಹಸಿಮಣ್ಣಿನ ದೊಡ್ಡ ಹೆಂಟೆಯೊಂದನ್ನು ಎತ್ತಿ ಅವನ ಪೇಟದ ಮೇಲಿಟ್ಟರು.

"ಇದೇನಯ್ಯಾ?"

"ಮೊದಲ ಗೌರವ. ಕೆಂಪು ಮಾಲೆ ತೊಟ್ಟು, ಗಡಿಯ ಮಣ್ಣು ತಲೆಯಲ್ಲಿ ಹೊತ್ತು ನಿಲ್ಲುವುದು ಉಭಯ ನಾಡಿನ ಹಿರಿಯರ ಪದ್ಧತಿ. ಸಭೆ ಕೂಡುವ ಮುನ್ನ ಇಳಿಸಿದರೆ ನಿಮ್ಮ ಪಕ್ಷ ಸೋತಂತೆ."

"ಪದ್ಧತಿ ಹಾಗೆಯೇ ಇದೆ" ಎಂದು ಮಧ್ಯಸ್ಥರು ತಲೆದೂಗಿದರು.

ನಾಕಿಮಯ್ಯನು ಮರದ ನೆರಳಿಗೆ ಹೋಗಿ ಕಾಲು ಚಾಚಿದನು. "ಪೀಠದ ಎತ್ತರವನ್ನು ಸಾವಕಾಶವಾಗಿ ಚರ್ಚಿಸೋಣವೇ?"

ದೇಕರಸನ ಮೂಗಿನ ತುದಿಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. "ಪೀಠ ಬೇಡ. ನೆಲದ ಮೇಲೆ ಕೂರೋಣ."

"ಚಪ್ಪರದ ಬಾಗಿಲು?"

"ಚಪ್ಪರವೇ ಬೇಡ ಮಾರಾಯ. ಆ ಮರದ ಕೆಳಗೇ ಕೂರೋಣ, ಈಗಲೇ."

ಸಭೆ ಅಲ್ಲಿಯೇ ಕೂಡಿತು. ಹೊಳೆಯ ಹಳೆಯ ಪಾತ್ರವೇ ಗಡಿಯೆಂದು ಬೈಗಿಗೆ ಮೊದಲೇ ತೀರ್ಪಾಯಿತು. ಬಯಲು ಕೋಡಿನಾಡಿನ ಒಕ್ಕಲಿಗೆ ದಕ್ಕಿತು.

ವಾರ್ತೆ ಕೇಳಿ ಕೇತರಸನು ಮನಸಾರೆ ನಕ್ಕು, ತಾನು ಹೊದ್ದಿದ್ದ ಶಾಲನ್ನು ನಾಕಿಮಯ್ಯನಿಗೆ ಹೊದಿಸಿದನು. "ಪಾಪ, ಆ ಮಂತ್ರಿಗೊಂದು ಹೊಸ ಪೇಟವನ್ನಾದರೂ ಕಳುಹಿಸೋಣವೇ?"

"ಕಳುಹಿಸಿ, ಪ್ರಭು. ಆದರೆ ಹಳೆಯದನ್ನು ಬಯಲಿಗೇ ಬಂದು ಕೊಡವಿ ಹೋಗಲಿ. ತೀರ್ಪಿನಂತೆ ಆ ಮಣ್ಣು ನಮ್ಮದು."