ಎಕ್ಕದ ಹಾಲು ಕಹಿಯಾದದ್ದು

ಭೂಮಿ ಆಗಿನ್ನೂ ಹೊಸದು. ಗುಡ್ಡಗಳ ಮೈಬಿಸಿ ಆರಿರಲಿಲ್ಲ. ಹೊಳೆಗಳು ಗಾಳಿಯ ಹತ್ತಿರ ದಾರಿ ಕೇಳಿಕೊಂಡು ಹರಿಯುತ್ತಿದ್ದವು.

ಆ ಕಾಲದಲ್ಲಿ ಭೂಮಿತಾಯಿ ಮನುಷ್ಯರಿಗೆ ನೆಲ ಹಂಚಿದಳು. ಉಳುವುದಕ್ಕೆ ಒಂದಿಷ್ಟು, ಮನೆ ಕಟ್ಟುವುದಕ್ಕೆ ಒಂದಿಷ್ಟು. ಊರಾಚೆಯ ಬಯಲೊಂದನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. "ಇದು ಗೋಮಾಳ. ದನಕರು ಮೇಯಲಿ. ಇದು ಎಲ್ಲರದು" ಅಂದಳು.

ಕೆಂಚವ್ವ ಆ ಊರಿನ ದನ ಕಾಯುವವಳು. ಬೆಳಗಾದರೆ ಮನೆಮನೆಯ ದನ ಬಿಡಿಸಿಕೊಂಡು ಗೋಮಾಳಕ್ಕೆ ಹೊಡೆಯುತ್ತಿದ್ದಳು. ಅಲ್ಲೊಂದು ಎಕ್ಕದ ಗಿಡವಿತ್ತು. ಆಗ ಎಕ್ಕದ ಹಾಲು ಸಿಹಿ. ಕರುಗಳು ಬಯಲಿಗೆ ಬಂದ ಕೂಡಲೆ ಎಕ್ಕದ ಹತ್ತಿರ ಓಡುತ್ತಿದ್ದವು. ಅವುಗಳ ಒರಟು ನಾಲಿಗೆ ಎಲೆಗೆ ತಾಗಿದರೆ ಎಕ್ಕಕ್ಕೆ ಕಚಗುಳಿ, ಖುಷಿ.

ಒಂದು ದಿನ ಬಣ್ಣಗಾರ ಮಾಳಪ್ಪ, ನೂಲಿಗೆ ಬಣ್ಣ ಕಟ್ಟಿ ಮಿಕ್ಕ ಗಸಿಯನ್ನು ಹೊತ್ತು ತಂದು ಎಕ್ಕದ ಪಕ್ಕದಲ್ಲೇ ಸುರಿದ.

"ಇಲ್ಲಿ ಯಾಕೆ ಮಾಳಣ್ಣ?" ಎಂದಳು ಕೆಂಚವ್ವ.

"ಮನೆ ಹತ್ತಿರ ಸುರಿದರೆ ನಾತ ಕಣವ್ವ."

"ಇದು ಎಲ್ಲರ ಜಾಗ."

"ಎಲ್ಲರದು ಅಂದಮೇಲೆ ನನ್ನದೂ ಹೌದಲ್ಲ" ಎಂದು ಮಾಳಪ್ಪ ಖಾಲಿ ಕೊಡ ಹಿಡಿದು ಹೊರಟ.

ಅವನನ್ನು ನೋಡಿ ಕಮ್ಮಾರ ಕುಲುಮೆಯ ಬೂದಿ ಸುರಿದ. ಕಮ್ಮಾರನನ್ನು ನೋಡಿ ಮನೆಮನೆಯವರು ಕೊಳೆತದ್ದು, ಒಡೆದದ್ದು ತಂದು ಸುರಿದರು. ಕೆಂಚವ್ವ ಬಾಗಿಲು ಬಾಗಿಲಿಗೆ ಹೋಗಿ ಹೇಳಿದಳು. ಪ್ರತಿಯೊಬ್ಬರೂ ಪಕ್ಕದ ಮನೆ ತೋರಿಸಿದರು. ರಾಶಿ ಬೆಳೆಯಿತು.

ಮಳೆ ಬಂತು. ರಾಶಿಯನ್ನು ತೊಳೆದ ನೀರು ಕಪ್ಪಾಗಿ ನೆಲಕ್ಕಿಳಿಯಿತು. ಎಕ್ಕದ ಬೇರು ಆಳದ್ದು. ಅದು ಆ ನೀರನ್ನೆಲ್ಲ ಕುಡಿಯಿತು.

ಮಳೆ ನಿಂತ ಮೇಲೆ ಮಾಳಪ್ಪನ ಕೆಂದು ಕರು ಎಂದಿನಂತೆ ಎಕ್ಕ ತಿಂದಿತು. ಬಿಸಿಲೇರುವುದರೊಳಗೆ ಕಾಲು ಮಡಿಚಿ ಬಿತ್ತು, ಮತ್ತೆ ಏಳಲಿಲ್ಲ.

ಮಾಳಪ್ಪ ಓಡಿ ಬಂದ. "ನಿನ್ನನ್ನು ನಂಬಿ ಕರು ಬಿಟ್ಟಿದ್ದೆ. ಏನು ಕಾಯ್ದೆ ನೀನು?"

ಕೆಂಚವ್ವ ಕರುವಿನ ಬಾಯಿ ಬಿಡಿಸಿ ತೋರಿಸಿದಳು. ನೊರೆ ನೀಲಿಯಾಗಿತ್ತು. ಮಾಳಪ್ಪನ ಕೈಬೆರಳೂ ಅದೇ ನೀಲಿ. ಅವನು ಕೈಯನ್ನು ಪಂಚೆಯೊಳಗೆ ಮುಚ್ಚಿಟ್ಟುಕೊಂಡ.

ಅವನು ಹೋದ ಮೇಲೆ ಕೆಂಚವ್ವ ಕುಡುಗೋಲು ತೆಗೆದುಕೊಂಡು ಎಕ್ಕದ ಬುಡಕ್ಕೆ ಬಂದಳು.

"ಕಡಿಯುವುದಾದರೆ ಕಡಿ" ಎಂದಿತು ಎಕ್ಕ. "ಆದರೆ ನಾನು ಹೋದರೆ ಈ ನೀರನ್ನು ಯಾರು ಕುಡಿಯುತ್ತಾರೆ? ಹುಲ್ಲಿಗೆ ಹೋಗುತ್ತದೆ. ಆಮೇಲೆ ನಿಮ್ಮ ಬಾವಿಗೆ."

"ನೀನಿದ್ದರೆ ಕರುಗಳು ಸಾಯುತ್ತವೆ. ಸಿಹಿ ಬಿಟ್ಟು ದೂರ ಹೋಗು ಅಂದರೆ ಕರುವಿಗೆ ತಿಳಿಯುತ್ತದೆಯೆ?"

ಎಕ್ಕ ಯೋಚಿಸಿತು. ಆಮೇಲೆ ಭೂಮಿತಾಯಿಯನ್ನು ಕರೆಯಿತು. "ಅವ್ವ, ನನ್ನ ಹಾಲನ್ನು ಕಹಿ ಮಾಡು. ಬಾಯಿಟ್ಟ ಕರು ಉಗುಳಿ ಹೋಗಬೇಕು, ಅಷ್ಟು ಕಹಿ."

"ಮತ್ತೆ ಯಾವ ಕರುವೂ ನಿನ್ನ ಹತ್ತಿರ ಬರುವುದಿಲ್ಲ ಮಗಾ."

ಗಾಳಿ ಬೀಸುವುದನ್ನು ನಿಲ್ಲಿಸಿ ಕೇಳುತ್ತಿತ್ತು. "ಬಾರದಿದ್ದರೆ ಬೇಡ. ಬದುಕಲಿ" ಎಂದಿತು ಎಕ್ಕ.

ಕೆಂಚವ್ವ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನ ಕರುಗಳು ಓಡಿ ಬಂದವು. ಒಂದು ಎಲೆ ಕಚ್ಚಿತು, ತಲೆ ಕೊಡವಿತು, ಉಗುಳಿತು. ಉಳಿದವು ಮೂಸಿ ನೋಡಿ ಹುಲ್ಲಿನ ಕಡೆ ನಡೆದವು. ಎಕ್ಕ ಅವುಗಳನ್ನೇ ನೋಡುತ್ತ ನಿಂತಿತ್ತು. ಕೆಂಚವ್ವ ಅಂದು ಎಕ್ಕದ ಪಕ್ಕದಲ್ಲೇ ಕೂತು ರೊಟ್ಟಿ ತಿಂದಳು.

ಮಾಳಪ್ಪ ತನ್ನ ಹಿತ್ತಿಲಲ್ಲೇ ಗುಂಡಿ ತೋಡಿಕೊಂಡ. ಕೆಲವರು ಅವನಂತೆ ಮಾಡಿದರು, ಕೆಲವರು ಮಾಡಲಿಲ್ಲ. ಎಕ್ಕ ಭೂಮಿತಾಯಿಯನ್ನು ಒಮ್ಮೆ ಕೇಳಿತಂತೆ, "ನನ್ನ ಸಿಹಿ ಯಾವಾಗ ವಾಪಸು?" ಎಂದು. "ಸುರಿಯುವುದು ನಿಲ್ಲಲಿ, ಆಮೇಲೆ ನೋಡೋಣ" ಎಂದಳಂತೆ ತಾಯಿ.

ಅದಕ್ಕೇ ಮಗು, ಊರಾಚೆ ಕಸ ಬಿದ್ದಲ್ಲೆಲ್ಲ ಎಕ್ಕದ ಗಿಡ ಒಂಟಿಯಾಗಿ ನಿಂತಿರುತ್ತದೆ. ಎಲೆ ಮುರಿದರೆ ಬೆಳ್ಳಗೆ ಹಾಲು ಸುರಿಯುತ್ತದೆ, ದನಕರು ಮಾತ್ರ ಒಮ್ಮೆ ಮೂಸಿ ಮುಂದೆ ಹೋಗುತ್ತವೆ.