ಬಿಸಿಲಿಗಿಟ್ಟ ಇದ್ದಿಲು

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಗುರುಗಳು ಸಂಗಯ್ಯಜ್ಜ. ಅವರಿಗೆ ರಾಚಯ್ಯನೆಂಬ ಒಬ್ಬನೇ ಶಿಷ್ಯ.

ರಾಚಯ್ಯನಿಗೆ ಎರಡು ಕೆಲಸ. ಹೊಳೆಯ ನೀರನ್ನು ಕುದಿಸಿ ಆರಿಸಿ ಕುಡಿಯುವ ಕೊಡ ತುಂಬುವುದು ಒಂದು. ಪಡಸಾಲೆಯಲ್ಲಿ ಕೂತು, ಬಂದವರ ಕಷ್ಟ ಕೇಳುವುದು ಇನ್ನೊಂದು.

ಕೊಡದೊಳಗೆ ಜಾಲಿಕಟ್ಟಿಗೆಯ ಎರಡು ಇದ್ದಿಲ ಕೋಲುಗಳು ಸದಾ ಇರುತ್ತಿದ್ದವು. ಹೊಳೆನೀರಿನ ಪಾಚಿವಾಸನೆಯನ್ನು ಅವು ಸದ್ದಿಲ್ಲದೆ ಹೀರಿಕೊಳ್ಳುತ್ತಿದ್ದವು.

ಮೂರು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಯಾಕೋ ರಾಚಯ್ಯನ ಮಾತು ಒರಟಾಯಿತು.

ಒಂದು ಬೆಳಿಗ್ಗೆ ಕೆಂಚವ್ವ ಬಂದಳು. ಹೊಳೆಪಾಲಾದ ಮಗಳ ಸುದ್ದಿಯನ್ನು ಪ್ರತಿ ಸೋಮವಾರ ಬಂದು ಹೇಳಿಕೊಳ್ಳುವ ಮುದುಕಿ. ಅವಳು ಬಾಯಿ ತೆರೆದದ್ದೇ ತಡ, ರಾಚಯ್ಯ ಸಿಡುಕಿದ.

"ಎಷ್ಟ ಸಲ ಹೇಳತಿ ಬೇ? ನಿನ್ನ ಮಗಳು ಸತ್ತು ಆರು ವರ್ಷಾತು. ಇನ್ನ ಸಾಕು ಮಾಡು."

ಕೆಂಚವ್ವ ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದಳು. ಕೊಟ್ಟ ನೀರನ್ನೂ ಮುಟ್ಟದೆ ಹೋದಳು.

ಅವಳು ಕಣ್ಮರೆಯಾದ ಮೇಲೆ ರಾಚಯ್ಯನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಬಟ್ಟೆ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ.

"ಅಜ್ಜಾರ, ನಾ ಹೊಂಟೆ. ಈ ಕೆಲಸಕ್ಕ ನಾ ಲಾಯಕ್ಕಿಲ್ಲ. ಯಾರರ ದುಃಖ ಹೇಳಿಕೊಂಡ್ರ ನನಗ ಸಿಟ್ಟು ಬರತೈತಿ."

"ಹೋಗೋದಾದ್ರ ಹೋಗು. ಒಂದು ತಂಬಿಗಿ ನೀರು ಕೊಟ್ಟು ಹೋಗು."

ಅಜ್ಜ ಒಂದು ಗುಟುಕು ಕುಡಿದು ತಂಬಿಗೆಯನ್ನು ಅವನಿಗೇ ಚಾಚಿದರು. ರಾಚಯ್ಯ ಬಾಯಿಗಿಟ್ಟು ಮುಖ ಕಿವುಚಿದ. ಪಾಚಿವಾಸನೆ ಗಂಟಲಿಗೆ ಬಡಿಯಿತು.

"ಇದ್ದಿಲು ಕೆಟ್ಟಾವ್ರಿ. ತಿಪ್ಪಿಗೆ ಒಗದು ಬರತೀನಿ."

"ಕೆಟ್ಟಿಲ್ಲ, ತುಂಬ್ಯಾವ. ಕಡೀಕ ಯಾವಾಗ ಕುದಿಸಿದ್ದಿ?"

ಹದಿನೈದು ದಿನಕ್ಕೊಮ್ಮೆ ಆ ಕೋಲುಗಳನ್ನು ಕುದಿಸಿ ಬಿಸಿಲಿಗಿಡಬೇಕು. ಬರುವವರ ಗದ್ದಲದಲ್ಲಿ ಮರೆತು ನಾಲ್ಕು ತಿಂಗಳಾಗಿತ್ತು. ರಾಚಯ್ಯ ಗಂಟನ್ನು ಮೂಲೆಗಿಟ್ಟು ಒಲೆ ಹೊತ್ತಿಸಿದ. ಕೋಲುಗಳು ಚೆನ್ನಾಗಿ ಕುದ್ದ ಮೇಲೆ ತಂದು ಅಂಗಳದ ಹಾಸುಗಲ್ಲಿನ ಮೇಲಿಟ್ಟ.

"ಇನ್ನ ಹೋಗ್ಲೇನ್ರಿ?"

"ಅವು ಒಣಗಲಿ. ಇಲ್ಲೆ ಕುಂದರು."

ಇಬ್ಬರೂ ಬಿಸಿಲಿನಲ್ಲಿ ಕೂತರು. ಅಜ್ಜ ಕೇಳಿದರು:

"ಕೆಂಚವ್ವನ ಮಗಳ ಹೆಸರೇನು?"

"ಫಕೀರವ್ವ. ಬಟ್ಟಿ ಒಗಿಯಾಕ ಹೋಗಿದ್ಲಂತ. ಕೈತುಂಬ ಕೆಂಪು ಬಳಿ ಇದ್ವಂತ. ಕಣ್ಣು ಮುಚ್ಚಿದ್ರ ನನಗ ಆ ಬಳೀನ ಕಾಣತಾವ್ರಿ."

"ಮತ್ತ?"

ರಾಚಯ್ಯ ಹೇಳುತ್ತ ಹೋದ. ಹೆಂಡತಿ ಬಿಟ್ಟುಹೋದ ಕುಂಬಾರನದು, ಕಣ್ಣು ಕಳೆದುಕೊಂಡ ನೇಕಾರನದು, ಮೂರು ವರ್ಷ ಎದೆಯಲ್ಲಿ ಕೂತದ್ದೆಲ್ಲ ಹೊರಬಂತು. ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತ. ಅಜ್ಜ ಎಲ್ಲವನ್ನೂ ಕೇಳಿಸಿಕೊಂಡರು.

"ಇದನ್ನ ನಾ ಎಂದೋ ಕೇಳಬೇಕಿತ್ತು," ಎಂದರು ಕೊನೆಗೆ. "ತಪ್ಪು ನಂದು."

ಹೊತ್ತು ಇಳಿಯುವಷ್ಟರಲ್ಲಿ ಕೋಲುಗಳು ಒಣಗಿ ಹಗುರಾಗಿದ್ದವು. ರಾಚಯ್ಯ ಅವನ್ನು ಹೊಸ ನೀರಿಗೆ ಬಿಟ್ಟ.

ಮರುದಿನ ಬೆಳಿಗ್ಗೆ ನೀರಿನಲ್ಲಿ ಪಾಚಿಯ ಸುಳಿವೇ ಇರಲಿಲ್ಲ. ಅವನ ಗಂಟು ಇನ್ನೂ ಮೂಲೆಯಲ್ಲಿತ್ತು. ಅದನ್ನು ಅಲ್ಲೇ ಬಿಟ್ಟು, ಕೆಂಚವ್ವನಿಗೆಂದು ಒಂದು ತಂಬಿಗೆ ನೀರು ತುಂಬಿಕೊಂಡು ಹೊರಟ. ಅಂಗಳ ದಾಟುವಾಗ ತಡೆದು ನಿಂತ.

"ಅಜ್ಜಾರ, ಆಕಿ ಕಾಲಿಗೆ ಬೀಳತೀನಿ. ಆದ್ರ ಆಕಿ ಮತ್ತ ಅದ್ನ ಹೇಳತಾಳ."

"ಹೇಳತಾಳ. ಕೇಳು."

"ನಾ ಮತ್ತ ತುಂಬಿದ್ರ?"

ಹಾಸುಗಲ್ಲಿನ ಮೇಲೆ ಕೂತಿದ್ದ ಅಜ್ಜ ಒಂದಿಷ್ಟು ಸರಿದು ಜಾಗ ಮಾಡಿದರು.

"ಬಿಸಿಲು ದಿನಾ ಬರತೈತಿ. ನೀನೂ ಬಾ."