ಕೆಲಸದ ಮನೆ ನೋಡಲು ಹೊರಟ ಜವರ

ತುಂಬೆಗಿರಿ ಅಂತ ಒಂದು ರಾಜ್ಯ. ಆ ರಾಜ್ಯದಲ್ಲಿ ಹುರುಳಿಕೊಪ್ಪಲು ಅಂತ ಒಂದು ಊರು. ಊರು ಅಂದರೆ ಅದಪ್ಪಾ ಊರು! ರಾಜಧಾನಿಯಲ್ಲಿ ಅರಮನೆ ಇದ್ದಿರಬಹುದು, ಆನೆ ಇದ್ದಿರಬಹುದು. ಬುದ್ಧಿ ಬೇಕಾದಾಗ ಮಾತ್ರ ಅವರೂ ಹುರುಳಿಕೊಪ್ಪಲಿನ ಕಡೆಗೇ ಮುಖ ತಿರುಗಿಸಬೇಕಿತ್ತು. ನಂಬದವರು ಕೊನೆತನಕ ಕೂತು ಕೇಳಿ.

ಆ ಊರಲ್ಲಿ ಜವರ ಅಂತ ಒಬ್ಬ ಹುಡುಗ. ಅಪ್ಪ ಅವ್ವ ಇಲ್ಲ, ಸಾಕಿದ್ದು ಅಜ್ಜಿ ಚಿಕ್ಕತಾಯಿ. ಹುಡುಗನ ಕೈಯಲ್ಲಿ ಕಸುಬಿಲ್ಲ, ಬಾಯಲ್ಲಿ ಮಾತ್ರ ಬೆಲ್ಲ. ರಚ್ಚೆ ಹಿಡಿದ ಮಗು ಅವನ ಸೊಂಟಕ್ಕೆ ಬಂದರೆ ನಗುತ್ತಿತ್ತು. ಮಾತು ಬಿಟ್ಟ ಅತ್ತೆ ಸೊಸೆ ಅವನು ಬಂದು ಹೋದಮೇಲೆ ಒಂದೇ ಒರಳಲ್ಲಿ ರುಬ್ಬುತ್ತಿದ್ದರು. ಒದೆಯುವ ಎಮ್ಮೆ ಕೂಡ ಅವನು ಬೆನ್ನು ಸವರಿದರೆ ಸುಮ್ಮನೆ ಹಾಲು ಬಿಡುತ್ತಿತ್ತು.

"ಅಜ್ಜೀ, ಉಳೋದು ನನಗೆ ಒಗ್ಗಲ್ಲ. ಜನರ ನಡುವೆ ಮಾಡೋ ಕೆಲಸ ಬೇಕು. ನನ್ನಂಥವನು ಎತ್ತಿನ ಬಾಲ ನೋಡ್ಕೊಂಡು ನಡೆದರೆ ರಾಜ್ಯಕ್ಕೇ ನಷ್ಟ," ಅಂದ ಜವರ.

"ರಾಜ್ಯದ ನಷ್ಟ ಆಮೇಲೆ ನೋಡುವಂತೆ. ಮೊದಲು ಆ ಮುದ್ದೆ ಮುಗಿಸು, ಆರ್ತಾ ಅದೆ," ಅಂದಳು ಅಜ್ಜಿ.

ಹೀಗಿರುವಾಗ ಒಂದು ದಿನ ಊರೊಳಗೆ ತಮಟೆ ಬಂತು.

"ಕೇಳ್ರಪ್ಪೋ ಕೇಳಿ! ಈಗಿನೋರ ಹನ್ನೆರಡು ವರ್ಷ ಮುಗೀತಾ ಬಂತು, ಜನರ ಜೊತೆ ಮಾಡೋ ಮೂರು ಕೆಲಸ ಖಾಲಿ ಆಗ್ತಾ ಇವೆ! ಒಂದು, ಸಂತೆಯಲ್ಲಿ ಜಗಳ ಬಿಡಿಸೋ ಕೆಲಸ! ಇನ್ನೊಂದು, ಹೊಳೆದಂಡೆ ಛತ್ರದಲ್ಲಿ ದಾರಿಹೋಕರನ್ನ ನೋಡ್ಕೊಳ್ಳೋ ಕೆಲಸ! ಮತ್ತೊಂದು, ಅರಮನೆ ಬಾಗಿಲಲ್ಲಿ ಜನರ ದೂರು ಕೇಳೋ ಕೆಲಸ! ಅದಕ್ಕೆ ಬೆಳ್ಳಿ ಕಟ್ಟಿನ ಕೋಲು! ರೇಷ್ಮೆ ರುಮಾಲು! ಕಣಜದ ತುಂಬ ಭತ್ತ! ಹುಣ್ಣಿಮೆ ದಿನ ರಾಜರ ಮುಂದೆ ದೀಪ ಮುಟ್ಟಿ ಆಣೆ ಮಾಡಿದರೆ ಕೆಲಸ ನಿಮ್ಮದು! ಆಣೆ ಮಾಡಿದ ಮೇಲೆ ಹನ್ನೆರಡು ವರ್ಷ ಬಿಡೋ ಹಾಗಿಲ್ಲ!"

ಜವರ ಎದ್ದು ನಿಂತ. "ಅಜ್ಜೀ, ಬೆಳ್ಳಿ ಕೋಲು ನನ್ನದೇ! ಈ ಕೈಗೆ ಅದೇ ಸರಿ."

"ಕೂತ್ಕೊಳ್ಳೋ," ಅಂದಳು ಅಜ್ಜಿ. "ನಿನ್ನ ಸೋದರತ್ತೆ ಮದುವೆಗೆ ಮುಂಚೆ ನಾವೇನು ಮಾಡಿದ್ವಿ?"

"ಗಂಡಿನ ಮನೆ ನೋಡೋಕೆ ಹೋಗಿದ್ರಿ."

"ಹೆಣ್ಣು ಕೊಡೋಕೇ ಅಷ್ಟು ನೋಡ್ತೀವಿ. ನೀನು ಹನ್ನೆರಡು ವರ್ಷಕ್ಕೆ ನಿನ್ನನ್ನೇ ಕೊಡ್ತಾ ಇದ್ದೀಯಲ್ಲೋ, ನೋಡಬೇಡ್ವಾ? ಈಗ ಆ ಕೆಲಸ ಮಾಡ್ತಾ ಇರೋರ ಮನೆಗೆ ಹೋಗು. ಕಣಜ ನೋಡು, ಹಾಸಿಗೆ ನೋಡು, ಮುಖ ನೋಡು. ಕೆಲಸ ಹೊಟ್ಟೆಗೆಷ್ಟು ಕೊಡ್ತದೆ ಅಂತ ಕಣಜ ಹೇಳ್ತದೆ. ತಲೆ ಎಷ್ಟು ತಿನ್ತದೆ ಅಂತ ಹಾಸಿಗೆ ಹೇಳ್ತದೆ. ಆ ಕೆಲಸ ಮಾಡಿದ್ದಕ್ಕೆ ಜೀವಕ್ಕೆ ಖುಷಿ ಅದೆಯೋ ಇಲ್ವೋ ಅಂತ ಮುಖ ಹೇಳ್ತದೆ. ಮೂರೂ ನೋಡದೆ ದೀಪ ಮುಟ್ಟಬೇಡ."

"ಅಷ್ಟೇ ತಾನೆ!"

"ಇನ್ನೊಂದು ಮಾತು. ಕಣಜಕ್ಕೆ ಕಣ್ಣು ಹಾಕಿ ಬರಬೇಡ, ಕೈ ಹಾಕು. ಮೇಲೆ ಭತ್ತ, ಕೆಳಗೆ ಹೊಟ್ಟು ತುಂಬಿ ಹೆಣ್ಣು ತಂದುಕೊಂಡೋರನ್ನ ಕಂಡಿದ್ದೀನಿ ನಾನು. ಮೊಣಕೈತನಕ ಹಾಕು!"

ಜವರ ಹೆಗಲಿಗೆ ವಲ್ಲಿ ಹಾಕಿ ಹೊರಟ.

ಮೊದಲು ಹೋಗಿದ್ದು ಸಂತೆಯಲ್ಲಿ ಜಗಳ ಬಿಡಿಸುವ ಬೆಟ್ಟಣ್ಣನ ಮನೆಗೆ. ಕಣಜಕ್ಕೆ ಕೈ ಹಾಕಿದ. ಆಹಾ! ಮೊಣಕೈತನಕ ಗಟ್ಟಿ ಭತ್ತ. ಹಾಸಿಗೆ ನೋಡಿದ. ಮಧ್ಯಾಹ್ನದ ಊಟ ಮಾಡಿ ಬೆಟ್ಟಣ್ಣ ಮಲಗಿದ್ದ. ಮಲಗಿದವನು ಇದ್ದಕ್ಕಿದ್ದಂತೆ, "ಬಿಡ್ರೋ! ಬಿಡ್ರೋ ಅಂದ್ರೆ!" ಅಂತ ಕೂಗಿ ಎದ್ದು, ದಿಂಬನ್ನು ಆ ಮೂಲೆಗೆ ಎಸೆದ, ಕಂಬಳಿಯನ್ನು ಈ ಮೂಲೆಗೆ ಎಸೆದ, ನಡುವೆ ಕೈ ಚಾಚಿ ನಿಂತ.

ಜವರ ಗೋಡೆಗೆ ಒತ್ತಿಕೊಂಡ. ಬೆಟ್ಟಣ್ಣನ ಹೆಂಡತಿ ಒಳಗಿನಿಂದಲೇ, "ಹೆದರಬೇಡ ಕಣಪ್ಪ, ಅದು ದಿಂಬಿಗೂ ಕಂಬಳಿಗೂ ಜಗಳ. ದಿನಾ ಇದೇ," ಅಂದಳು.

ಬೆಟ್ಟಣ್ಣನ ಮುಖ ಅರ್ಧ ಬಿಸಿಲು, ಅರ್ಧ ಮೋಡ. "ಬಡಿದಾಡಿಕೊಂಡೋರು ಸಂಜೆ ಒಂದೇ ಗಾಡೀಲಿ ಊರಿಗೆ ಹೋದಾಗ ಖುಷಿ ಆಗ್ತದೆ ತಮ್ಮಾ. ಮುಂದಿನ ಸಂತೇಲಿ ಅವರೇ ಬಂದು ಮತ್ತೆ ಬಡಿದಾಡ್ತಾರೆ," ಅಂದ.

ಕಣಜ ಚೆನ್ನ, ಹಾಸಿಗೆ ಮುಳ್ಳು, ಮುಖ ಅರ್ಧಂಬರ್ಧ. ಜವರ ತಲೆ ಕೆರೆದುಕೊಂಡು ಮುಂದೆ ನಡೆದ.

ಆಮೇಲೆ ಹೋಗಿದ್ದು ಹೊಳೆದಂಡೆಯ ಛತ್ರಕ್ಕೆ. ಅಲ್ಲಿ ಚೌಡವ್ವ ಅಂತ ಒಬ್ಬಾಕೆ. ದೋಣಿ ತಪ್ಪಿದವರಿಗೆ ಜಾಗ, ಹಸಿದವರಿಗೆ ಗಂಜಿ, ಕಾಯಿಲೆ ಬಿದ್ದವರಿಗೆ ಆರೈಕೆ, ಎಲ್ಲಾ ಅವಳ ಕೈಯಲ್ಲೇ. ಕಣಜಕ್ಕೆ ಕೈ ಹಾಕಿದ. ಬೆರಳಿಗೆ ಸಿಕ್ಕಿದ್ದು ಕಣಜದ ತಳ!

"ಏನವ್ವಾ ಇದು, ಇಲಿಗಳೂ ಊರು ಬಿಟ್ಟಿರಬೇಕಲ್ಲ?"

"ಬಿಟ್ಟವೆ," ಅಂತ ನಕ್ಕಳು ಚೌಡವ್ವ. "ಮುಂಚೆ ರಾಜರು ಛತ್ರಕ್ಕೆ ಅಂತ ಭತ್ತ ಕಳಿಸೋರು. ದಾನದ ಭತ್ತ ಯಾರೂ ಕದ್ದು ಮಾರಬಾರದು ಅಂತ ಅದಕ್ಕೆ ಅರಿಶಿನದ ಪುಡಿ ಕಲಸಿ ಕಳಿಸೋರು. ಕೈ ಇಟ್ಟರೆ ಮದುವಣಗಿತ್ತಿ ಕೈ ಆಗೋದು ನೋಡು! ಈಗ ಎರಡು ವರ್ಷದಿಂದ ಒಂದು ಕಾಳಿಲ್ಲ. ಊರೋರು ಕೊಟ್ಟಿದ್ದರಲ್ಲಿ ನಡೀತಾ ಅದೆ."

"ಅರಮನೆಗೆ ಹೋಗಿ ದೂರು ಕೊಡಲಿಲ್ವಾ?"

"ಮೂರು ಸಲ ಹೋದೆ. ಬಾಗಿಲಲ್ಲಿ ಇರೋನು ಮೂರು ಸಲವೂ ನಗ್ತಾ ಕೂರಿಸಿ, ನೀರು ಕೊಟ್ಟು, 'ನಾಳೆ ಬಾ ತಾಯೀ' ಅಂದ."

ಜವರ ಹಾಸಿಗೆ ನೋಡಿದ. ತೇಪೆ ಹಾಕಿದ ಕೌದಿ. "ನಿದ್ದೆ ಬರ್ತದಾ ಅವ್ವಾ?" ಅಂದ.

"ತಲೆ ಇಟ್ಟರೆ ಬರ್ತದೆ. ಆದರೆ ಸುಳ್ಳು ಯಾಕೆ ಹೇಳಲಿ, ಹತ್ತು ಜನಕ್ಕೆ ಕಾಯಿಲೆ ಬಂದಾಗ ಒಬ್ಬಳೇ ಓಡಾಡಿ ಸೊಂಟ ಬಿದ್ದುಹೋಗ್ತದೆ. ಒಂದೊಂದು ದಿನ ಯಾಕಪ್ಪಾ ಬೇಕಿತ್ತು ಅನ್ನಿಸಿದ್ದೂ ಉಂಟು."

ಅಷ್ಟರಲ್ಲಿ ದೋಣಿ ದಡಕ್ಕೆ ಬಂತು. ಒಬ್ಬ ಹೆಂಗಸು ನಾಲ್ಕು ವರ್ಷದ ಮಗನನ್ನು ಎಳೆದುಕೊಂಡು ಬಂದಳು. "ನೋಡವ್ವಾ, ನಿನ್ನ ಛತ್ರದಲ್ಲಿ ಹುಟ್ಟಿದೋನು! ಹೆಸರು ಚೌಡ. ನಿನ್ನ ಥರಾನೇ ಜೋರು ಬಾಯಿ!" ಆಗ ಚೌಡವ್ವನ ಮುಖ ನೋಡಬೇಕಿತ್ತು. ಆಗತಾನೆ ತೊಳೆದ ತಾಮ್ರದ ಬಿಂದಿಗೆ ಬಿಸಿಲಿಗಿಟ್ಟಂಗೆ! ಜವರನಿಗೆ ಯಾಕೋ ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ.

ಎದ್ದ. ಬೆಳ್ಳಿ ಕೋಲು ಕಣ್ಣಲ್ಲಿ ಕುಣಿಯುತ್ತಿತ್ತಲ್ಲ!

ಕೊನೆಗೆ ಹೋಗಿದ್ದು ರಾಜಧಾನಿಗೆ. ಅರಮನೆಯ ವ್ಯವಹಾರವನ್ನೆಲ್ಲ ನೋಡುತ್ತಿದ್ದವನು ಪಾರುಪತ್ಯಗಾರ ರಂಗರಸಯ್ಯ. ಹೊಟ್ಟೆ ಮುಂದೆ, ಅವನು ಹಿಂದೆ. ಜವರನ ಮಾತು ಕೇಳುತ್ತಿದ್ದ ಹಾಗೆ ಅವನ ಕಣ್ಣು ಮಿನುಗಿದವು. ಇಂಥ ಸಿಹಿ ನಾಲಗೆ ಬಾಗಿಲಲ್ಲಿದ್ದರೆ ಜನ ದೂರನ್ನೇ ಮರೆತು ಮನೆಗೆ ಹೋಗ್ತಾರೆ ಅಂತ ಲೆಕ್ಕ ಹಾಕಿದ.

"ನಿನ್ನಂಥವನನ್ನೇ ಹುಡುಕ್ತಾ ಇದ್ದೆ ಕಣಯ್ಯಾ!"

"ಎಲ್ಲಾರೂ ಹಂಗೇ ಅಂತಾರೆ ಬುದ್ಧೀ. ಆದರೆ ಈಗ ಆ ಬಾಗಿಲಲ್ಲಿ ಇರೋರ ಮನೆ ಒಂದು ಸಲ ನೋಡಬೇಕು, ಅಜ್ಜಿ ಮಾತು," ಅಂದ ಜವರ.

ರಂಗರಸಯ್ಯ ಗಲ್ಲ ಕೆರೆದುಕೊಂಡ. "ಮನೆ ತಾನೆ? ನಾಳೆ ಬಾ."

ನಾಳೆ ಯಾಕೆ, ಇವತ್ತು ಯಾಕಾಗಬಾರದು ಅಂತ ಜವರನಿಗೆ ಹೊಳೆಯಲಿಲ್ಲ. ನಿಮಗೆ ಹೊಳೆದಿದ್ದರೆ ಸುಮ್ಮನಿರಿ, ಪಕ್ಕದವರಿಗೆ ಹೇಳಬೇಡಿ.

ಮಾರನೆಯ ದಿನ ಹೋದ. ಮನೆ ಚಿಕ್ಕದು, ಬಾಗಿಲು ಗಿಡ್ಡ. ರೇಷ್ಮೆ ರುಮಾಲಿನ ಒಬ್ಬ ಆಸಾಮಿ ಒಳಗಿಂದ ನಗುತ್ತಾ ಬಂದ. "ನಾನೇ ಬಾಗಿಲು ಕಾಯೋನು! ಇದೇ ನನ್ನ ಮನೆ! ಬಾರಯ್ಯಾ, ಹ್ಹ ಹ್ಹ ಹ್ಹಾ!" ಅಂದವನು ಧಡ್ ಅಂತ ಬಾಗಿಲ ಮೇಲಿನ ದಾರಂದಕ್ಕೆ ಹಣೆ ಚಚ್ಚಿಕೊಂಡ. ಕಣಜ ತೋರಿಸಲು ಒಳಗೆ ಹೋಗುವಾಗ ಧಡ್! ಹಾಸಿಗೆ ತೋರಿಸಲು ನಡುಮನೆಗೆ ಬರುವಾಗ ಧಡ್!

ಹುರುಳಿಕೊಪ್ಪಲಿನವನ ಕಿವಿ ನೆಟ್ಟಗಾಯಿತು. ಎಲಾ ಇವನ! ಹುಟ್ಟಿದಾಗಿನಿಂದ ಗಿಡ್ಡ ಬಾಗಿಲ ಮನೆಯಲ್ಲಿ ಬೆಳೆದವನು ಜವರ. ಅಂಥ ಮನೆಯವರ ತಲೆ ನಿದ್ದೆಗಣ್ಣಲ್ಲೂ ತಾನಾಗೇ ಬಗ್ಗುತ್ತದೆ. ಸ್ವಂತ ಮನೆಗೆ ಮೂರು ಸಲ ಹಣೆ ಕುಟ್ಟಿಕೊಳ್ಳೋನು ಅದೆಂಥ ಯಜಮಾನ? ಅಂಗಳದ ನಾಯಿ ಬೇರೆ, ಬಂದ ಜವರನನ್ನು ಬಿಟ್ಟು ಆ ಆಸಾಮಿಗೇ ಬೊಗಳುತ್ತಿತ್ತು.

ಹಾಸಿಗೆ ನೋಡಿದ. ರೇಷ್ಮೆ ಹಾಸಿಗೆಯೇ. ಅಂಗಡಿಯವನು ಮಡಿಸಿಟ್ಟ ಗೆರೆ ಹಾಗೇ ಇದ್ದವು. ಯಾರ ಬೆನ್ನೂ ಅದಕ್ಕೆ ತಾಗಿರಲಿಲ್ಲ. ಮುಖ ನೋಡಿದ. ನಗುವೇನೋ ಇತ್ತು, ಹಣೆಯಲ್ಲಿ ಬೋರೆಹಣ್ಣಿನಷ್ಟು ಬುಗುಟೂ ಇತ್ತು. ಕಣಜ ಮಾತ್ರ ತುಂಬಿ ತುಳುಕುತ್ತಿತ್ತು, ಮೇಲೆಲ್ಲ ಹೊಸ ಭತ್ತ.

ಜವರ ಮೊಣಕೈತನಕ ಕೈ ತೂರಿಸಿದ. ಹೊಟ್ಟಿರಲಿಲ್ಲ, ಒಳಗೂ ಭತ್ತವೇ. ಕೈ ಹೊರಗೆ ತೆಗೆದ.

ಮೊಣಕೈತನಕ ಹಳದಿ!

ಛತ್ರದ ಗಂಜಿ ಎಲ್ಲಿ ಹೋಯಿತು ಅಂತ ಆಗ ತಿಳಿಯಿತು. ಚೌಡವ್ವನನ್ನು ಯಾಕೆ ಮೂರು ಸಲ ವಾಪಸ್ ಕಳಿಸಿದರು ಅಂತಲೂ ತಿಳಿಯಿತು. ಹುಣ್ಣಿಮೆಗೆ ದೀಪ ಮುಟ್ಟಿದರೆ ಹನ್ನೆರಡು ವರ್ಷ ಅಂಥವರನ್ನು ನಗುತ್ತಾ ವಾಪಸ್ ಕಳಿಸುವುದೇ ತನ್ನ ಕೆಲಸ ಅಂತಲೂ ತಿಳಿಯಿತು. ಸರಕ್ಕನೆ ಕೈಗೆ ವಲ್ಲಿ ಸುತ್ತಿಕೊಂಡು, "ಭಾಳ ಚೆನ್ನಾಗದೆ ಯಜಮಾನ್ರೇ. ಹೊರಡುವಾಗ ಬಗ್ಗಿ," ಅಂದು ಬಂದುಬಿಟ್ಟ.

ಹುಣ್ಣಿಮೆ ಬಂತು. ರಾಜರು ಕೂತಿದ್ದರು, ದೀಪ ಉರಿಯುತ್ತಿತ್ತು, ಬೆಳ್ಳಿ ಕೋಲು ಹೊಳೆಯುತ್ತಿತ್ತು.

"ಮುಟ್ಟಯ್ಯಾ ದೀಪ," ಅಂದ ರಂಗರಸಯ್ಯ.

"ಮುಟ್ತೀನಿ ಬುದ್ಧೀ. ಆದರೆ ನಮ್ಮ ಕಡೆ ಮನೆ ನೋಡೋಕೆ ಹಿರಿಯರು ಹೋಗಿ ಒಪ್ಪಬೇಕು. ನನಗೆ ಅಪ್ಪ ಇಲ್ಲ. ರಾಜ್ಯಕ್ಕೆಲ್ಲ ಅಪ್ಪ ಇಲ್ಲೇ ಕೂತವರೆ." ಜವರ ರಾಜರಿಗೆ ಕೈ ಮುಗಿದ. "ಒಡೆಯಾ, ನೀವೇ ಬಂದು ಆ ಕಣಜಕ್ಕೆ ಒಂದು ಸಲ ಕೈ ಹಾಕಬೇಕು."

ರಂಗರಸಯ್ಯ ಬೆವರಿದ. "ಹಳ್ಳಿ ಹುಂಬ! ರಾಜರು ಕಣಜಕ್ಕೆ ಕೈ ಹಾಕಬೇಕಂತೆ! ಪ್ರಭೂ, ಬೇಕಾದರೆ ನಾಳೆ ಹೋಗೋಣ."

"ನಾಳೆ ಬೇಡ ಒಡೆಯಾ. ಈ ಬಾಗಿಲಲ್ಲಿ ನಾಳೆ ಅಂದರೆ ಎರಡು ವರ್ಷ!"

ರಾಜರಿಗೆ ನಗು ಬಂತು. ಕೂತು ಕೂತು ಸಾಕಾಗಿತ್ತೋ ಏನೋ, ಎದ್ದೇಬಿಟ್ಟರು.

ಮನೆಗೆ ಹೋದರು. ರಾಜರು ತಲೆ ಬಗ್ಗಿಸಿ ಒಳಗೆ ಬಂದರು, ತೋಳು ಮಡಿಸಿ ಕಣಜಕ್ಕೆ ಕೈ ಇಟ್ಟರು.

"ಇನ್ನೂ ಒಳಗೆ ಒಡೆಯಾ. ಮೊಣಕೈತನಕ!"

ತೆಗೆದರು. ರಾಜರ ಕೈ ಹಳದಿ.

"ಅದು... ಹುಳ ಬೀಳಬಾರದು ಅಂತ..." ಅಂದ ರಂಗರಸಯ್ಯ.

"ಈ ಅರಿಶಿನ ಕಲಸೋಕೆ ಹೇಳಿದವನು ನಾನೇ, ರಂಗರಸಯ್ಯ," ಅಂದರು ರಾಜರು.

ಅಷ್ಟರಲ್ಲಿ ನಾಯಿ ಬಾಲ ಅಲ್ಲಾಡಿಸುತ್ತಾ ಕೊಟ್ಟಿಗೆ ಬಾಗಿಲಿಗೆ ಹಾರಿತು. ಅಗುಳಿ ತೆಗೆದರೆ ಒಳಗೆ ಬಡಕಲು ಮನುಷ್ಯ. ಅರಮನೆ ಬಾಗಿಲಲ್ಲಿ ದೂರು ಕೇಳುತ್ತಿದ್ದ ನಿಜವಾದ ಆಸಾಮಿ ಅವನೇ!

"ಒಡೆಯಾ, ಈ ರಂಗರಸಯ್ಯನವರು ನನ್ನ ಕೂಡಿಹಾಕಿ ತಮ್ಮ ಅಡಿಗೆಯವನಿಗೆ ನನ್ನ ರುಮಾಲು ತೊಡಿಸಿದರು. ನನ್ನ ಕಣಜ ತುಂಬಿದ್ದು ಇದೇ ಮೊದಲು, ಅದೂ ಕದ್ದ ಭತ್ತದಲ್ಲಿ. ಅವರಿವರು ನೋಡದಂಗೆ ಮೇಲೆ ಅರಿಶಿನ ಹಾಕದ ಭತ್ತ ಸುರಿದರು. ಆಣೆ ಕೊರಳಿಗೆ ಬಿದ್ದಿತ್ತು, ಹನ್ನೆರಡು ವರ್ಷ ಹೊರಗೆ ನಗ್ತಾ ಜನರನ್ನ ಅಟ್ಟಿದೆ. ಮನೆಗೆ ಬಂದರೆ ನಗೋಕೆ ಬಾಯೇ ಬರಲ್ಲ," ಅಂತ ಅತ್ತ.

ತಾನೇ ತುಂಬಿಸಿದ ಕಣಜ ತನ್ನನ್ನೇ ಹಿಡಿದುಕೊಟ್ಟಿತ್ತು. ರಂಗರಸಯ್ಯನ ಅಧಿಕಾರ ಹೋಯಿತು. ಕದ್ದ ಭತ್ತದ ಒಂದೊಂದು ಮೂಟೆಯನ್ನೂ ಅವನೇ ಹೊತ್ತು ಛತ್ರಕ್ಕೆ ಹಾಕಬೇಕು ಅಂತ ಅಪ್ಪಣೆಯಾಯಿತು. ಹೊಟ್ಟೆ ಕರಗಿತು, ಆರೋಗ್ಯ ಸುಧಾರಿಸಿತು ಅನ್ನಿ!

ರಾಜರು ಜವರನ ಬೆನ್ನು ತಟ್ಟಿದರು. "ಪಾರುಪತ್ಯ ನೀನೇ ವಹಿಸಿಕೊಳ್ಳಯ್ಯಾ."

"ಕಣಜವೇನೋ ದೊಡ್ಡದೇ ಒಡೆಯಾ. ಆದರೆ ಆ ಕೆಲಸದವರ ಮುಖ ಈಗತಾನೆ ನೋಡಿದೆನಲ್ಲ! ನನಗೆ ಛತ್ರ ಕೊಡಿ."

"ಅಷ್ಟೇ ಸಾಕಾ?"

"ಅಷ್ಟೇ ಸಾಲದು," ಅಂದ ಜವರ. ಬಿಡ್ತಾನಾ ಅವನು! "ಜನರ ಸೇವೆ ಮಾಡೋನಿಗೆ ಖುಷಿ ಇದ್ದರೆ ಸಾಕು, ಹಸಿವಾಗಲ್ಲ ಅಂದ್ಕೊಂಡವರೆ ಎಲ್ಲಾರೂ. ಆಗ್ತದೆ ಒಡೆಯಾ. ಛತ್ರದಲ್ಲಿ ಮುಖ ಚೆನ್ನಾಗದೆ, ಕಣಜ ಸರಿ ಮಾಡಿ. ಈ ಬಾಗಿಲಣ್ಣನನ್ನೂ ನನ್ನ ಜೊತೆ ಕಳಿಸಿ, ಒಬ್ಬನು ದುಡಿಯುವಾಗ ಒಬ್ಬನು ಮಲಗಲಿ. ಮೂರೂ ಸರಿಯಾದರೆ ದೀಪ ಮುಟ್ತೀನಿ."

ರಾಜರು ಒಪ್ಪಿದರು, ಜವರ ದೀಪ ಮುಟ್ಟಿದ. ತನ್ನ ಹನ್ನೆರಡು ವರ್ಷ ಮುಗಿಸಿದ ಚೌಡವ್ವ ನಗುತ್ತಾ ಗಂಜಿಯ ಸೌಟನ್ನು ಅವನ ಕೈಗಿಟ್ಟಳು.

ಸ್ವಲ್ಪ ದಿನ ಕಳೆದು ಅಜ್ಜಿ ಚಿಕ್ಕತಾಯಿ ದೋಣಿ ಇಳಿದು ಛತ್ರಕ್ಕೆ ಬಂದಳು. ಯಾರನ್ನೂ ಮಾತಾಡಿಸಲಿಲ್ಲ. ಸೀದಾ ಕಣಜಕ್ಕೆ ಹೋಗಿ ಕೈ ತೂರಿಸಿದಳು. ಮೊಣಕೈತನಕ ಹಳದಿ. ಹಾಸಿಗೆ ನೋಡಿದಳು. ಬಾಗಿಲಣ್ಣ ಗೊರಕೆ ಹೊಡೆಯುತ್ತಿದ್ದ. ಆಮೇಲೆ ಮೊಮ್ಮಗನ ಮುಖ ನೋಡಿದಳು. ಜ್ವರದ ಮುದುಕನಿಗೆ ಗಂಜಿ ಕುಡಿಸುತ್ತಾ, ತಾನು ರಾಜರನ್ನು ಕಣಜಕ್ಕೆ ಇಳಿಸಿದ ಕಥೆಯನ್ನು ಇದ್ದದ್ದಕ್ಕಿಂತ ಎರಡು ಪಟ್ಟು ದೊಡ್ಡದು ಮಾಡಿ ಹೇಳುತ್ತಿದ್ದ. ಮುದುಕ ಜ್ವರ ಮರೆತು ನಗುತ್ತಿದ್ದ. ಜವರನ ಮುಖವೂ ಅವತ್ತಿನ ಚೌಡವ್ವನ ಮುಖದ ಹಾಗೇ, ತೊಳೆದ ತಾಮ್ರದ ಬಿಂದಿಗೆಯಂತೆ ಹೊಳೆಯುತ್ತಿತ್ತು.

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು, ಗಂಡಿನ ಮನೆ ಒಪ್ಪಿದ ಹಿರಿಯರ ಥರ ತಲೆಯಾಡಿಸಿದಳು. "ಕೊಡಬಹುದು ಕಣ್ಲಾ. ಈ ಮನೆಗೆ ಹುಡುಗನ್ನ ಕೊಡಬಹುದು," ಅಂದಳು.

ಅದಕ್ಕೇ ಮಕ್ಕಳಾ, ನಾಳೆ ನೀವೂ ಕೆಲಸ ಹಿಡಿಯುವಾಗ ಕೋಲಿನ ಬೆಳ್ಳಿ ನೋಡಿ ಓಡಬೇಡಿ. ಸಂಬಳ ಎಷ್ಟು, ನಿದ್ದೆ ಎಷ್ಟು, ಸಂತೋಷ ಎಷ್ಟು ಅಂತ ಮೂರನ್ನೂ ತೂಗಿ. ಜನರಿಗೆ ಒಳ್ಳೆಯದು ಮಾಡುವ ಕೆಲಸ ಹಿಡಿಯಿರಿ, ಹಿಡಿದ ಮೇಲೆ ನಿಮ್ಮ ಪಾಲನ್ನು ಬಾಯಿ ಬಿಟ್ಟು ಕೇಳಿ. ಇನ್ನೊಬ್ಬರ ಗಂಜಿ ಕದ್ದು ಕಣಜ ತುಂಬಿಸಿಕೊಂಡವನು ಎಷ್ಟು ಮುಚ್ಚಿಟ್ಟರೂ ಒಂದು ದಿನ ಸಿಕ್ಕಿಬೀಳುತ್ತಾನೆ.

ಜವರ ಆ ದಡದಲ್ಲಿ ಗಂಜಿ ಹಂಚುತ್ತಾ ನಗುತ್ತಿದ್ದಾನೆ, ನಾವು ಈ ದಡದಲ್ಲಿ ಅವನ ಕಥೆ ಹೇಳಿಕೊಂಡು ನಗುತ್ತಿದ್ದೇವೆ. ಈಗ ಹೇಳಿ, ಬುದ್ಧಿ ಯಾವ ಊರಿನದು?